ಬಾಣಂತಿಯ ಹಾಲು, ಬೆಟ್ಟದ ಬೇರು

(ಬೆಂಗಳೂರಿನ ಬನಶಂಕರಿ, ಜಯನಗರ ಭಾಗದಲ್ಲಿ ಬಾಣಂತಿಯರ ಮನೆಗಳಿಗೆ ಹೋಗಿ ಹಾಲೂಡಿಸಲು ನೆರವಾಗುವ ನಿವೃತ್ತ ದಾದಿಯೊಬ್ಬರು ನಮ್ಮ ವಾರ್ಷಿಕ ಕೂಟದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ. - ಸಂ.)



ನದಿ, ಕಾಡು, ಬೆಟ್ಟಗಳ ಅಳಿವು ಉಳಿವಿನ ಚರ್ಚೆ ನಡೆದಿರುವ ಈ ಸಭೆಯಲ್ಲಿ ಎದೆಹಾಲಿನ ವಿಷಯ ಎಲ್ಲಿಂದ ಬಂತೆಂದು ಕೆಲವರಿಗಾದರೂ ಅನ್ನಿಸಿರಬೇಕು. ಅದು ಒಂದು ಚೀಲದೊಳಗಿಂದ ಬಂತು. ಆ ಚೀಲವನ್ನು ಇಲ್ಲಿ ಕುಳಿತಿರುವ ತಾಯಂದಿರಲ್ಲಿ ಅನೇಕರು ಸ್ವತಃ ಹೊತ್ತು ತಂದಿದ್ದೀರಿ.

ಹಿಂದೆ ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುತ್ತಿದ್ದಳು. ಈಗ ತವರೇ ಮಗಳ ಮನೆಗೆ ಹೋಗುತ್ತದೆ. ಶಿರಸಿ, ಸಾಗರ, ತೀರ್ಥಹಳ್ಳಿಗಳಿಂದ ರಾತ್ರಿ ಹೊರಟ ಬಸ್ಸು ಬೆಳಗಿನ ಜಾವ ಬೆಂಗಳೂರು ಮುಟ್ಟುತ್ತದೆ. ಬನಶಂಕರಿಯಲ್ಲಿಯೋ ಜೆ.ಪಿ. ನಗರದಲ್ಲಿಯೋ ಇರುವ ಮಗಳ ಎರಡು ಕೋಣೆಯ ಮನೆಗೆ ತಾಯಿ ಬಂದಿಳಿಯುತ್ತಾಳೆ. ಚೀಲದಲ್ಲಿ ಮನೆಯಲ್ಲಿ ಕಾಸಿದ ತುಪ್ಪ, ಒಳ್ಳೆಮೆಣಸು, ಓಮ, ಲೇಹ್ಯದ ಡಬ್ಬಿ, ಮಗುವಿಗೆ ಹಾಸಲು ಹಳೆಯ ಸೀರೆಯ ತುಂಡುಗಳು. ಅಡಿಯಲ್ಲಿ, ವೃತ್ತಪತ್ರಿಕೆಯಲ್ಲಿ ಸುತ್ತಿದ, ಇನ್ನೂ ಮಣ್ಣು ಮೆತ್ತಿಕೊಂಡಿರುವ ಬೇರುಗಳು. ಶತಾವರಿ. ನೀವು ಆಷಾಢಿ ಬೇರು ಎನ್ನುವಿರಿ, ಹಲವು ಮಕ್ಕಳ ತಾಯಿ ಎಂದೂ ಕರೆಯುವಿರಿ.

ಜೆ.ಪಿ. ನಗರದ ಅಂತಹ ಒಂದು ಮನೆಯ ಸಂಗತಿಯನ್ನು ಹೇಳುತ್ತೇನೆ. ಹೆರಿಗೆಯಾಗಿ ಐದನೆಯ ದಿನ. ಶಸ್ತ್ರಚಿಕಿತ್ಸೆಯ ಹೆರಿಗೆ. ಬಾಣಂತಿಯ ಕಣ್ಣು ಅತ್ತು ಊದಿತ್ತು. ಆಕೆಯ ತಾಯಿ ನನ್ನನ್ನು ಬಾಗಿಲಲ್ಲೇ ತಡೆದು, "ಅಕ್ಕಾ, ಇವಳಿಗೆ ಹಾಲೇ ಇಲ್ಲ. ಮೂರು ದಿನದಿಂದ ಬೇರು ತೇಯ್ದು ಕೊಡುತ್ತಿದ್ದೇನೆ. ಸಾಲದೇನೋ, ಇನ್ನಷ್ಟು ಕೀಳಿಸಿ ಕಳಿಸಿ ಎಂದು ಊರಿಗೆ ಹೇಳಿದ್ದೇನೆ" ಎಂದರು. ಮೇಜಿನ ಮೇಲೆ ಪುಡಿಹಾಲಿನ ಡಬ್ಬಿಯಿತ್ತು. ಆಸ್ಪತ್ರೆಯಲ್ಲಿ ಮೊದಲ ಎರಡು ದಿನ ಮಗುವಿಗೆ ಬಾಟಲಿಯಲ್ಲಿ ಅದನ್ನೇ ಕೊಟ್ಟಿದ್ದರು, ಮನೆಯಲ್ಲಿಯೂ ಮೂರು ಗಂಟೆಗೊಮ್ಮೆ ಅದು ಮುಂದುವರಿದಿತ್ತು. ಹೊಟ್ಟೆ ತುಂಬಿದ ಕೂಸು ನಿದ್ರಿಸುತ್ತಿತ್ತು. ತಾಯಿಯ ಎದೆ ಕಲ್ಲಿನಂತೆ ಗಟ್ಟಿಯಾಗಿ ನೋಯುತ್ತಿತ್ತು. ಹಾಲು ಇರಲಿಲ್ಲವೆಂದಲ್ಲ, ಅದನ್ನು ಕುಡಿಯುವವರಿರಲಿಲ್ಲ.

ಅಂದು ನಾವು ಮಾಡಿದ್ದು ಇಷ್ಟೇ. ಎದೆಗೆ ಬಿಸಿನೀರಿನ ಬಟ್ಟೆಯಿಟ್ಟು ಕೈಯಿಂದ ಸ್ವಲ್ಪ ಹಾಲು ಹಿಂಡಿ ತೊಟ್ಟಿನ ಸುತ್ತಲಿನ ಭಾಗವನ್ನು ಮೆದುಗೊಳಿಸಿದೆವು. ಮಗುವನ್ನು ತಾಯಿಯ ಬರಿಮೈಗೆ ತಾಗುವಂತೆ ಮಲಗಿಸಿದೆವು. ಬಾಯಿ ಅಗಲವಾಗಿ ತೆರೆದಾಗ, ತೊಟ್ಟಷ್ಟೇ ಅಲ್ಲದೆ ಸುತ್ತಲಿನ ಕಪ್ಪು ಭಾಗದ ಬಹುಪಾಲೂ ಬಾಯೊಳಗೆ ಹೋಗುವಂತೆ, ಗಲ್ಲ ಎದೆಗೆ ಒತ್ತುವಂತೆ ಹಿಡಿದೆವು. ರಾತ್ರಿಯೂ ಸೇರಿ ದಿನಕ್ಕೆ ಹತ್ತು ಹನ್ನೆರಡು ಬಾರಿ ಹಾಗೆ ಕುಡಿಸಲು ಹೇಳಿ, ಮಕ್ಕಳ ವೈದ್ಯರ ಸಲಹೆಯಂತೆ ತೂಕ ನೋಡುತ್ತ ಪುಡಿಹಾಲನ್ನು ಕ್ರಮೇಣ ಇಳಿಸಿದೆವು. ಹನ್ನೆರಡನೆಯ ದಿನಕ್ಕೆ ಮಗು ಹುಟ್ಟಿದಾಗಿನ ತೂಕಕ್ಕೆ ಮರಳಿತು. ಅಜ್ಜಿ ನನ್ನ ಕೈ ಹಿಡಿದು, "ನೋಡಿ ಅಕ್ಕಾ, ಬೇರು ಕೆಲಸ ಮಾಡಿತು" ಎಂದರು. ನಾನು ವಾದಿಸಲಿಲ್ಲ. ಆದರೆ ಊರಿನಿಂದ ಬಂದ ಎರಡನೆಯ ಪೊಟ್ಟಣ ಮೂಲೆಯಲ್ಲಿತ್ತು. ಎರಡು ಮೂರು ಗಿಡಗಳ ಬುಡವಾದರೂ ಅದರಲ್ಲಿ ಇದ್ದಿರಬೇಕು. ಈ ಉಪನ್ಯಾಸ ಹುಟ್ಟಿದ್ದು ಆ ಪೊಟ್ಟಣವನ್ನು ನೋಡಿದಾಗ.

ಹಾಲು ಹೇಗೆ ಬರುತ್ತದೆಂಬುದನ್ನು ವಿದ್ಯಾರ್ಥಿಗಳಿಗಾಗಿ ಸ್ವಲ್ಪ ವಿವರಿಸುತ್ತೇನೆ. ಗರ್ಭದ ಮಾಸು ಹೊರಬಿದ್ದೊಡನೆ ತಾಯಿಯ ರಕ್ತದಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಇಳಿಯುತ್ತದೆ, ಹಾಲಿನ ಉತ್ಪಾದನೆಗಿದ್ದ ತಡೆ ತೆರವಾಗುತ್ತದೆ. ಮಗು ಚೀಪಿದಾಗಲೆಲ್ಲ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯು ಹಾಲು ಉತ್ಪಾದಿಸುವ ಪ್ರೊಲ್ಯಾಕ್ಟಿನ್ ಮತ್ತು ಹಾಲು ಇಳಿಸುವ ಆಕ್ಸಿಟೋಸಿನ್ ಎಂಬ ಎರಡು ಹಾರ್ಮೋನುಗಳನ್ನು ಬಿಡುತ್ತದೆ. ಎದೆ ತುಂಬಿಯೇ ಉಳಿದರೆ ಉತ್ಪಾದನೆ ತಾನಾಗಿ ಕುಗ್ಗುತ್ತದೆ, ಬರಿದಾದಷ್ಟೂ ಹೆಚ್ಚುತ್ತದೆ. ಒರತೆಯ ಬಾವಿಯಿಂದ ನೀರು ಸೇದುವವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ದಿನಗಳಲ್ಲಿ ಬರುವುದು ಹಳದಿ ಬಣ್ಣದ, ಅಂಟಾದ, ಚಮಚದ ಲೆಕ್ಕದ ಗಿಣ್ಣುಹಾಲು. ಹಸುವಿನ ಗಿಣ್ಣನ್ನು ಪ್ರೀತಿಯಿಂದ ತಿನ್ನುವ ನಾವು ತಾಯಿಯ ಗಿಣ್ಣನ್ನು ಹೊಲಸೆಂದು ಹಿಂಡಿ ಚೆಲ್ಲುತ್ತಿದ್ದೆವು. ಈಗಲೂ ಕೆಲವು ಮನೆಗಳಲ್ಲಿ ಚೆಲ್ಲುತ್ತಾರೆ. ನವಜಾತ ಶಿಶುವಿನ ಹೊಟ್ಟೆ ಮೊದಲ ದಿನ ಹಿಡಿಯುವುದೂ ಅಷ್ಟನ್ನೇ. ಎರಡರಿಂದ ನಾಲ್ಕನೆಯ ದಿನದೊಳಗೆ ಹಾಲು ತುಂಬಿ ಬರುತ್ತದೆ, ಶಸ್ತ್ರಚಿಕಿತ್ಸೆಯಾಗಿದ್ದರೆ ಅಥವಾ ತಾಯಿಗೆ ಸಕ್ಕರೆ ಕಾಯಿಲೆಯಿದ್ದರೆ ಸ್ವಲ್ಪ ತಡವಾಗಬಹುದು. ಈ ನಡುವಿನ ಎರಡು ದಿನಗಳಲ್ಲಿಯೇ "ಹಾಲಿಲ್ಲ" ಎಂಬ ಮಾತು ಹುಟ್ಟುತ್ತದೆ, ಡಬ್ಬಿ ಒಳಗೆ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಶೇ. 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆದವು. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಕುಡಿದ ಮಕ್ಕಳು ಶೇ. 41.8 ಮಾತ್ರ. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಯಾವ ಬೇರು ತುಂಬಬಲ್ಲದು?

ಹಾಗಾದರೆ ಬೇರಿನಲ್ಲಿ ಏನೂ ಇಲ್ಲವೇ ಎಂದು ನೀವು ಕೇಳುವಿರಿ. ಪ್ರಾಮಾಣಿಕವಾಗಿ ಉತ್ತರಿಸಬೇಕಾದ ಪ್ರಶ್ನೆ. 1996ರಲ್ಲಿ 'ಇಂಡಿಯನ್ ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಬಂತು. ಹಾಲು ಸಾಲದೆಂದು ಬಂದ 64 ತಾಯಂದಿರಲ್ಲಿ ಕೆಲವರಿಗೆ ಶತಾವರಿ ಸೇರಿದ ಔಷಧವನ್ನೂ ಕೆಲವರಿಗೆ ಹುಸಿಮದ್ದನ್ನೂ ಕೊಟ್ಟು ನೋಡಿದಾಗ ಅವರ ನಡುವೆ ವ್ಯತ್ಯಾಸ ಕಾಣಲಿಲ್ಲ. 2011ರಲ್ಲಿ ಪ್ರಕಟವಾದ, 60 ತಾಯಂದಿರ ಇನ್ನೊಂದು ಪ್ರಯೋಗದಲ್ಲಿ ಶತಾವರಿ ಸೇವಿಸಿದವರ ಪ್ರೊಲ್ಯಾಕ್ಟಿನ್ ಹೆಚ್ಚಿತ್ತು. 2020ರಲ್ಲಿ ಕಾಕ್ರೇನ್ ಸಂಸ್ಥೆಯು ಹಾಲು ಹೆಚ್ಚಿಸುವವೆನ್ನಲಾದ ಮದ್ದುಗಳ 41 ಪ್ರಯೋಗಗಳನ್ನು, ಮೂರು ಸಾವಿರ ತಾಯಂದಿರನ್ನು ಒಟ್ಟಿಗಿಟ್ಟು ಪರಿಶೀಲಿಸಿತು. ಗಿಡಮೂಲಿಕೆಗಳಿಂದ ಸ್ವಲ್ಪ ಉಪಯೋಗವಿರಬಹುದು, ಆದರೆ ಪುರಾವೆ ಬಹಳ ದುರ್ಬಲ ಎಂಬುದು ಅದರ ನಿರ್ಣಯ. ನನ್ನ ಅನುಭವವೂ ಇದಕ್ಕೆ ಹೊಂದುತ್ತದೆ. ಬೇರಿನ ಹಾಲು ಕುಡಿದ ಬಾಣಂತಿಗೆ ಧೈರ್ಯ ಬರುತ್ತದೆ, ತನ್ನನ್ನು ಒಬ್ಬರು ನೋಡಿಕೊಳ್ಳುತ್ತಿದ್ದಾರೆಂಬ ನೆಮ್ಮದಿ ಬರುತ್ತದೆ. ನೋವು, ಭಯ, ಅವಮಾನಗಳು ಹಾಲು ಇಳಿಯುವುದನ್ನು ತಡೆಯುತ್ತವೆಯಾದ್ದರಿಂದ ಆ ನೆಮ್ಮದಿಯೂ ಸಣ್ಣದಲ್ಲ. ಕೋಪ, ಶೋಕಗಳಿಂದ ಹಾಲು ಬತ್ತುತ್ತದೆಂದು ಸುಶ್ರುತ ಸಂಹಿತೆಯೂ ಹೇಳುತ್ತದೆ. "ನಿನಗೆ ಹಾಲಿಲ್ಲ" ಎಂದು ದಿನಕ್ಕೆ ಹತ್ತು ಬಾರಿ ಹೇಳುವ ಬಂಧುಗಳು ಇದನ್ನು ಗಮನಿಸಬೇಕು.

ಆಯುರ್ವೇದದ ಅಭಿಮಾನಿಗಳಿಗೆ ಒಂದು ಕುತೂಹಲದ ಸಂಗತಿ. ಚರಕ ಸಂಹಿತೆಯ ಸೂತ್ರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ 'ಸ್ತನ್ಯಜನನ' ಎಂಬ ಹತ್ತು ದ್ರವ್ಯಗಳ ಪಟ್ಟಿಯಿದೆ. ಅದರಲ್ಲಿ ಲಾವಂಚವಿದೆ, ದರ್ಭೆಯಿದೆ, ಕುಶವಿದೆ, ಕಬ್ಬಿನ ಜಾತಿಯ ಹುಲ್ಲಿದೆ, ಎರಡು ಬಗೆಯ ಭತ್ತವಿದೆ. ಶತಾವರಿ ಇಲ್ಲ! ನಂತರದ ಗ್ರಂಥಗಳು ಶತಾವರಿಯನ್ನು ಹಾಲಿಗಾಗಿ ಹೊಗಳಿವೆ, ನಿಜ. ಆದರೂ ಹಳೆಯ ಆ ಪಟ್ಟಿ ಬಹುಮಟ್ಟಿಗೆ ಹುಲ್ಲು ಮತ್ತು ಅನ್ನದ ಪಟ್ಟಿ ಎಂಬುದು ನನಗೆ ಅರ್ಥವತ್ತಾಗಿ ತೋರುತ್ತದೆ.

ಅಡುಗೆಮನೆಯ ಉಳಿದ ಮದ್ದುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಜಯನಗರ ನಾಲ್ಕನೆಯ ಬ್ಲಾಕಿನ ಸೊಪ್ಪಿನ ಅಂಗಡಿಗಳಲ್ಲಿ ಸಬ್ಬಸಿಗೆ ಕೇಳಿದರೆ "ಬಾಣಂತಿಗಾ?" ಎಂದೇ ಪ್ರಶ್ನೆ. ಸಬ್ಬಸಿಗೆ ಒಳ್ಳೆಯ ಸೊಪ್ಪು, ಸಾರು ಮಾಡಿ ತಿನ್ನಿರಿ. ಬೆಳ್ಳುಳ್ಳಿಯ ಬಗ್ಗೆ 1991ರಲ್ಲಿ ಅಮೆರಿಕದಲ್ಲಿ ಒಂದು ಸ್ವಾರಸ್ಯದ ಅಧ್ಯಯನ ಪ್ರಕಟವಾಯಿತು. ತಾಯಿ ಬೆಳ್ಳುಳ್ಳಿ ಸೇವಿಸಿದಾಗ ಹಾಲಿಗೆ ಅದರ ವಾಸನೆ ಬಂದು, ಕೂಸುಗಳು ಹೆಚ್ಚು ಹೊತ್ತು ಎದೆಗಂಟಿಕೊಂಡಿದ್ದವಂತೆ. ಮೆಂತ್ಯ ಆಹಾರವಾಗಿ ಸರಿ. ಮಾತ್ರೆ, ಪುಡಿಗಳ ರೂಪದಲ್ಲಿ ಹೆಚ್ಚು ತೆಗೆದುಕೊಂಡರೆ ರಕ್ತದ ಸಕ್ಕರೆ ಇಳಿಯಬಹುದು. ಸಕ್ಕರೆ ಕಾಯಿಲೆಗೆ ಅಥವಾ ರಕ್ತ ಹೆಪ್ಪುಗಟ್ಟದಿರಲು ಔಷಧ ಸೇವಿಸುವವರು ವೈದ್ಯರನ್ನು ಕೇಳಿಯೇ ಬಳಸಬೇಕು. ಉತ್ತರ ಕರ್ನಾಟಕದ ಆಳ್ವಿ ಪಾಯಸವನ್ನು ನಾನು ರುಚಿಗಾಗಿಯೇ ಶಿಫಾರಸು ಮಾಡುತ್ತೇನೆ. ಆದರೆ ಕೂಸಿನ ಬಾಯಿಗೆ ಜೇನು, ಬಜೆ, ಘುಟ್ಟಿ ಯಾವುದೂ ಬೇಡ. ಆರು ತಿಂಗಳವರೆಗೆ ನೀರೂ ಬೇಡ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ವಿಷಯ. ಬಾಣಂತಿಗೆ ನಾವು ಏನನ್ನು ಕೊಡುತ್ತೇವೆಂಬುದಕ್ಕಿಂತ ಏನನ್ನು ಕಸಿದುಕೊಳ್ಳುತ್ತೇವೆಂಬುದು ಗಂಭೀರವಾದುದು.

ಜಯನಗರದ ಒಂಬತ್ತನೆಯ ಬ್ಲಾಕಿನಲ್ಲಿ, ಬನ್ನೇರುಘಟ್ಟ ರಸ್ತೆಯ ಮೇಲೆ, ಶ್ರೀ ಜಯದೇವ ಹೃದ್ರೋಗ ಸಂಸ್ಥೆಯಿದೆ. ದೊಡ್ಡವರ ಹೃದಯಾಘಾತಕ್ಕೆ ಪ್ರಸಿದ್ಧವಾದ ಆ ಆಸ್ಪತ್ರೆಗೆ ಎರಡು ಮೂರು ತಿಂಗಳ ಕೂಸುಗಳು ಉಸಿರು ಕಟ್ಟಿದ ಸ್ಥಿತಿಯಲ್ಲಿ ಬರತೊಡಗಿದವು. ಹುಟ್ಟಿನಿಂದ ಆರೋಗ್ಯವಾಗಿದ್ದ, ತಾಯಿಯ ಹಾಲನ್ನೇ ಕುಡಿಯುತ್ತಿದ್ದ ಕೂಸುಗಳವು. ಒಂದೆರಡು ದಿನಗಳಲ್ಲಿಯೇ ಹಾಲು ಬಿಟ್ಟು, ಏದುಸಿರು ಬಿಡುತ್ತ, ಅಳುವ ಧ್ವನಿಯೂ ಕುಗ್ಗಿ ಹೋಗಿರುತ್ತಿತ್ತು. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳ ಒತ್ತಡ ವಿಪರೀತ ಏರಿತ್ತು. ವೈದ್ಯರು ಥಯಮಿನ್, ಅಂದರೆ ಬಿ1 ಜೀವಸತ್ವದ ಚುಚ್ಚುಮದ್ದು ಕೊಟ್ಟರು. ಬಹುಪಾಲು ಮಕ್ಕಳು ಚೇತರಿಸಿಕೊಂಡವು. ಇಂತಹ ಇನ್ನೂರಕ್ಕೂ ಹೆಚ್ಚು ಶಿಶುಗಳ ಅಧ್ಯಯನವನ್ನು ಆ ವೈದ್ಯರು 2021ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಕಾರಣವನ್ನು ಹುಡುಕುತ್ತ ಹೋದಾಗ ಸಿಕ್ಕಿದ್ದು ತಾಯಂದಿರ ತಟ್ಟೆ: ಬಾಣಂತನದ ಪಥ್ಯದ, ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನ.

ಬಂಧುಗಳೇ, ಈ ತಾಯಂದಿರಿಗೆ ಹಾಲು ಕಡಿಮೆಯಿರಲಿಲ್ಲ. ಹಾಲು ನೋಡಲು ಎಂದಿನಂತೆಯೇ ಇತ್ತು. ಅದರೊಳಗೆ ಇರಬೇಕಾದುದು ಇರಲಿಲ್ಲ. ಥಯಮಿನ್ ನಮ್ಮ ದೇಹದಲ್ಲಿ ಉಳಿಯುವುದು ಎರಡು ಮೂರು ವಾರಗಳಿಗೆ ಸಾಕಾಗುವಷ್ಟು ಮಾತ್ರ. ತಾಯಿಯ ಊಟದಲ್ಲಿ ಅದು ತಪ್ಪಿದರೆ ಹಾಲಿನಲ್ಲಿಯೂ ತಪ್ಪುತ್ತದೆ. ಅದು ಅಕ್ಕಿಯ ತೌಡಿನಲ್ಲಿದೆ, ಇಡೀ ಕಾಳುಗಳಲ್ಲಿದೆ, ರಾಗಿ, ಗೋಧಿ, ಎಳ್ಳು, ನೆಲಗಡಲೆಗಳಲ್ಲಿದೆ. ಗಿರಣಿ ತೌಡನ್ನು ತೆಗೆಯಿತು. ಮೂರು ನಾಲ್ಕು ಬಾರಿ ಅಕ್ಕಿ ತೊಳೆದು, ಗಂಜಿ ಬಸಿದು ಚೆಲ್ಲಿ, ಉಳಿದುದನ್ನೂ ನಾವು ತೆಗೆದೆವು. ಬೇಳೆ ವಾಯು, ಕಾಳು ವಾಯು, ಸೊಪ್ಪು ನಂಜು, ಹಣ್ಣು ಶೀತ ಎಂದು ಒಂದೊಂದಾಗಿ ಬಾಗಿಲು ಮುಚ್ಚಿದೆವು. ನಮ್ಮ ಹಿರಿಯರ ಪಥ್ಯವನ್ನು ನಾನು ಹೀಗಳೆಯುತ್ತಿಲ್ಲ. ಅವರ ಕಾಲದ ಅಕ್ಕಿ ಒರಳಿನಲ್ಲಿ ಕುಟ್ಟಿದುದು ಅಥವಾ ಕುಚ್ಚಲಕ್ಕಿ. ಭತ್ತವನ್ನು ಕುದಿಸುವಾಗ ತೌಡಿನ ಸತ್ವದ ಒಂದು ಭಾಗ ಕಾಳಿನೊಳಗೆ ಇಳಿಯುತ್ತದೆ. ಅಕ್ಕಿ ಬದಲಾಯಿತು, ಪಥ್ಯ ಹಾಗೆಯೇ ಉಳಿಯಿತು. ಅಪಾಯ ಹುಟ್ಟಿದ್ದು ಅಲ್ಲಿ.

ಅಡಿಕೆ ಬೆಳೆಗಾರರ ಮುಂದೆ ನಿಂತು ಹೇಳಲು ಸಂಕೋಚವಾಗುವ ಇನ್ನೊಂದು ಮಾತಿದೆ. ಊಟವಾದೊಡನೆ ಬಾಣಂತಿಗೆ ಎಲೆಯಡಿಕೆ ಕೊಡುವ ಪದ್ಧತಿ. ಅಡಿಕೆಯ ಮತ್ತು ಚಹಾದ ಒಗರು ಥಯಮಿನ್ನನ್ನು ದೇಹಕ್ಕೆ ಸಿಗದಂತೆ ಮಾಡಬಲ್ಲದು. ಕೂಸಿಗೆ ಹಾಲೂಡಿಸುವಷ್ಟು ಕಾಲ ಅದನ್ನು ಬಿಟ್ಟರೆ ಅಡಿಕೆಯ ದರವೇನೂ ಕುಸಿಯದು.

ನೀರಿನ ಪಥ್ಯವೂ ಹಾಗೆಯೇ. ಬಾಯಾರಿಕೆಗಿಂತ ಹೆಚ್ಚು ನೀರು ಕುಡಿದರೆ ಹಾಲು ಹೆಚ್ಚುವುದಿಲ್ಲ, ಆದರೆ ಹಾಲೂಡಿಸುವವಳ ಬಾಯಾರಿಕೆಯನ್ನು ತಣಿಸದಿರುವುದು ಕ್ರೌರ್ಯ. ಮಗು ಎದೆಗೆ ಬಂದೊಡನೆ ಗಂಟಲು ಒಣಗುವುದನ್ನು ಹೆತ್ತವರೆಲ್ಲರೂ ಬಲ್ಲರು. ಎರಡು ಮೂರು ತಿಂಗಳ ಕೂಸು ಇದ್ದಕ್ಕಿದ್ದಂತೆ ಹಾಲು ಬಿಟ್ಟು ಏದುಸಿರು ಬಿಡತೊಡಗಿದರೆ ಕಷಾಯ, ದೃಷ್ಟಿ, ದಿಗ್ಬಂಧನಗಳಲ್ಲಿ ಒಂದು ಗಂಟೆಯನ್ನೂ ಕಳೆಯಬೇಡಿ. ಆಸ್ಪತ್ರೆಗೆ ಓಡಿರಿ, ತಾಯಿ ಯಾವ ಪಥ್ಯದಲ್ಲಿದ್ದಾಳೆಂಬುದನ್ನು ವೈದ್ಯರಿಗೆ ನೀವಾಗಿಯೇ ಹೇಳಿರಿ.

ನಿಜವಾಗಿ ಹಾಲು ಕಡಿಮೆಯಿರುವ ತಾಯಂದಿರೂ ಇದ್ದಾರೆ. ಥೈರಾಯ್ಡ್ ತೊಂದರೆ, ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವ, ಗರ್ಭಕೋಶದಲ್ಲಿ ಉಳಿದ ಮಾಸಿನ ಚೂರು, ಎದೆಯ ಶಸ್ತ್ರಚಿಕಿತ್ಸೆ, ಇವು ಕಾರಣಗಳು. ಅಂತಹವರನ್ನು ಬೇರಿನ ಭರವಸೆಯಲ್ಲಿ ಕಾಯಿಸಬಾರದು. ಐದನೆಯ ದಿನದ ಬಳಿಕ ಮಗು ದಿನಕ್ಕೆ ಆರು ಬಟ್ಟೆಗಳನ್ನಾದರೂ ಒದ್ದೆ ಮಾಡುತ್ತಿದ್ದರೆ, ಮಲ ಹಳದಿಗೆ ತಿರುಗಿದ್ದರೆ, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಿದ್ದರೆ ಹಾಲು ಸಾಕಾಗುತ್ತಿದೆ. ಇಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು. ಅಂತಹ ಮಗುವಿಗೆ ವೈದ್ಯರು ಪುಡಿಹಾಲು ಕೊಡಿ ಎಂದರೆ ಕೊಡಬೇಕು, ತಾಯಿ ಅದಕ್ಕಾಗಿ ತಲೆತಗ್ಗಿಸಬೇಕಾಗಿಲ್ಲ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗಾಗಿ ಬೆಂಗಳೂರಿನ ಸರ್ಕಾರಿ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ 'ಅಮೃತಧಾರೆ' ಎಂಬ ಎದೆಹಾಲಿನ ಬ್ಯಾಂಕು ಆರಂಭವಾಯಿತು. ಹಾಲು ಹೆಚ್ಚಿರುವ ತಾಯಂದಿರು ಕೊಟ್ಟದ್ದನ್ನು ಶುದ್ಧೀಕರಿಸಿ ಇಲ್ಲದವರ ಮಕ್ಕಳಿಗೆ ಕೊಡುವ ವ್ಯವಸ್ಥೆಯದು.

ಈಗ ಮತ್ತೆ ಬೆಟ್ಟಕ್ಕೆ ಬರೋಣ. ಗಾಂಧಿಬಜಾರಿನ ಗ್ರಂಥಿಗೆ ಅಂಗಡಿಗಳಲ್ಲಿ ಒಣಗಿದ ಶತಾವರಿ ತೂಕಕ್ಕೆ ಸಿಗುತ್ತದೆ. ಔಷಧಿ ಅಂಗಡಿಗಳಲ್ಲಿ ಅದೇ ಬೇರು ಸಕ್ಕರೆ, ಏಲಕ್ಕಿ ಪರಿಮಳ ಬೆರೆತು ಡಬ್ಬಿಯಲ್ಲಿ ಕುಳಿತಿದೆ. 1992ರ ಶಿಶು ಹಾಲಿನ ಬದಲಿ ಪದಾರ್ಥಗಳ ಕಾಯ್ದೆಯು, 2003ರ ತಿದ್ದುಪಡಿಯೊಂದಿಗೆ, ಕೂಸಿನ ಪುಡಿಹಾಲಿನ ಜಾಹೀರಾತನ್ನು ನಿಷೇಧಿಸಿತು. ತಾಯಿಗೆ ಮಾರುವ ಡಬ್ಬಿ ಆ ಕಾಯ್ದೆಗೆ ಸೇರಿಲ್ಲ. ಆದ್ದರಿಂದ ತಾಯಿಯ ಆತಂಕವೇ ಈಗ ಕೊಳ್ಳುಬಾಕ ಸಂಸ್ಕೃತಿಯ ಸರಕು. ಬೇಡಿಕೆ ಪಟ್ಟಣದ್ದು, ಗುದ್ದಲಿ ಬೀಳುವುದು ಬೆಟ್ಟದಲ್ಲಿ. ಉಪ್ಪಿನಕಾಯಿಯ ರುಚಿಗಾಗಿ ಮಾಗಳಿ ಬೇರು ಯಾವ ಗತಿಗೆ ಬಂತೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಸೊಪ್ಪು ಕೊಯ್ದರೆ ಚಿಗುರುತ್ತದೆ, ಹಣ್ಣು ಕಿತ್ತರೆ ಮರ ಉಳಿಯುತ್ತದೆ. ಬುಡಸಮೇತ ಬೇರು ಕಿತ್ತರೆ ಅಲ್ಲಿಗೆ ಆ ಗಿಡ ಮುಗಿಯಿತು. ಹಲವು ಮಕ್ಕಳ ತಾಯಿ ಎಂಬ ಹೆಸರು ಬಂದುದೇ ಒಂದೇ ಬುಡಕ್ಕೆ ಬೆರಳುಗಳಂತೆ ಹತ್ತಾರು ಬೇರು ಜೋತುಬಿದ್ದಿರುವುದರಿಂದ. ಮಕ್ಕಳ ಜೊತೆಗೆ ತಾಯಿಯನ್ನೂ ಕಿತ್ತು ಪೊಟ್ಟಣ ಕಟ್ಟುತ್ತಿದ್ದೇವೆ. ಮತ್ತೊಂದು ಎಚ್ಚರಿಕೆ: ಕೂಲಿಗೆ ಅಗೆಯುವವರೆಲ್ಲ ಗಿಡ ಬಲ್ಲವರಲ್ಲ. ಅದೇ ಬೇಲಿಗಳಲ್ಲಿ ಹಬ್ಬುವ ಗೌರಿಹೂವಿನ ಗೆಡ್ಡೆ ಪ್ರಾಣಾಂತಿಕ ವಿಷ. ಗುರುತು ಸಿಗದ ಬೇರು ಬಾಣಂತಿಯ ಲೋಟಕ್ಕೆ ಬೀಳಬಾರದು.

1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡಾಗ ಹುಟ್ಟಿದ ಚಳವಳಿ "ಉಳಿಸು, ಬೆಳೆಸು, ಬಳಸು" ಎಂಬ ಮೂರು ಮಾತುಗಳನ್ನು ಕೊಟ್ಟಿತು. ಮರದ ಬಗ್ಗೆ ಆಡಿದ ಮಾತು ಬಳ್ಳಿಗೂ ಸಲ್ಲುತ್ತದೆ. ಶತಾವರಿ ಬೆಳೆಸಲು ಕಷ್ಟದ ಗಿಡವಲ್ಲ. ನೀರು ನಿಲ್ಲದ ಮಣ್ಣು, ಹಬ್ಬಲು ಒಂದು ಬೇಲಿ ಅಥವಾ ಕೋಲು ಸಾಕು. ಬೇಸಿಗೆಯಲ್ಲಿ ಮೇಲಿನ ಬಳ್ಳಿ ಒಣಗಿದರೂ ಬುಡ ಜೀವಂತವಾಗಿದ್ದು ಮಳೆಗೆ ಚಿಗುರುತ್ತದೆ. ಎರಡು ವರ್ಷ ಕಳೆದ ಮೇಲೆ, ಹಣ್ಣು ಉದುರಿದ ಬಳಿಕ, ಒಂದು ಬದಿಯ ಮಣ್ಣನ್ನು ಮಾತ್ರ ಬಿಡಿಸಿ ಕೆಲವು ಬೇರುಗಳನ್ನು ಕತ್ತರಿಸಿಕೊಂಡು, ನಡುವಿನ ಬುಡಕ್ಕೆ ಮತ್ತೆ ಮಣ್ಣು ಮುಚ್ಚಿರಿ. ಮಗಳ ಬಾಣಂತನಕ್ಕೆ ಅಷ್ಟು ಧಾರಾಳವಾಗಿ ಸಾಕು. ಚೀಲದಲ್ಲಿ ಉಳಿದ ಜಾಗಕ್ಕೆ ಎರಡು ಸೇರು ಕುಚ್ಚಲಕ್ಕಿ, ಒಂದು ಸೇರು ಹೆಸರುಕಾಳು, ಒಂದಿಷ್ಟು ಎಳ್ಳು ಹಾಕಿಕೊಳ್ಳಿ.

ನನ್ನ ಮಹಡಿಯ ಕುಂಡದ ಗಿಡದಿಂದ ಕಳೆದ ಚಳಿಗಾಲದಲ್ಲಿ ಆರಿಸಿದ ಬೀಜಗಳನ್ನು ತಂದಿದ್ದೇನೆ. ಕಪ್ಪಗೆ, ಮೆಣಸಿನ ಕಾಳಿಗಿಂತ ಚಿಕ್ಕದಾಗಿವೆ. ಹಿಂದಿನ ಮೇಜಿನ ಮೇಲಿರುವ ಪೊಟ್ಟಣಗಳಲ್ಲಿ ಮನೆಗೊಂದರಂತೆ ತೆಗೆದುಕೊಳ್ಳಿ. ಬಿತ್ತುವ ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿಡಿ. ಮೊದಲ ಮಳೆಗೆ ಹಾಕಿದರೆ ಮೊಳೆಯಲು ಮೂರು ನಾಲ್ಕು ವಾರ ಹಿಡಿಯುತ್ತದೆ, ಅವಸರಪಟ್ಟು ಕೆದಕಬೇಡಿ.